ಏಳೂವರೆಗೆ ನಿಲ್ಲದ ನೀರು

"ನಿನ್ನ ಹೂವು ನನ್ನ ಪೂಲಿಗೆ ಬೀಳಬಾರದು ಅಂತ ಎಷ್ಟು ಸಲ ಬಡ್ಕೊಳ್ಳಲಿ?"

ಈಜುಕೊಳ ಶುಚಿಮಾಡುವ ಮೆರ್ತ ಬಲೆಯ ಕೋಲನ್ನು ನೆಲಕ್ಕೆ ಕುಟ್ಟಿದ. ಬಲೆಯೊಳಗೆ ಒದ್ದೆಯಾದ ಎರಡು ಚೆಂಡುಹೂವಿನ ಎಸಳು, ಒಂದು ದೇವಕಣಗಿಲೆ. ಅಷ್ಟೇ. ಆದರೆ ಬೆಳಿಗ್ಗೆ ಎಂಟು ಗಂಟೆಗೇ ಅವನ ನೆತ್ತಿ ಕಾದಿತ್ತು.

ರಸ್ಮಿನಿ ತಿರುಗಿಯೂ ನೋಡಲಿಲ್ಲ. ಪೂಲಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ತೆಂಗಿನ ಗರಿಯ ಪುಟ್ಟ ತಟ್ಟೆಯನ್ನು ಕಲ್ಲಿನ ಮೇಲಿಟ್ಟು, ಊದುಬತ್ತಿಯ ಹೊಗೆಯನ್ನು ಮೂರು ಬೆರಳಿನಿಂದ ದೇವರ ಕಡೆ ಬೀಸಿದಳು. ಆಮೇಲೆ ಸೊಂಟದ ಹಳದಿ ಪಟ್ಟಿಯನ್ನು ಸರಿಮಾಡಿಕೊಂಡು ನಿಧಾನವಾಗಿ ಎದ್ದಳು. ಆ ನಿಧಾನವೇ ಅವನಿಗೆ ಇನ್ನಷ್ಟು ಉರಿ ತರಿಸಿತು.

"ದೇವರಿಗೆ ಇಟ್ಟ ಹೂವು, ಬ್ಲಿ. ಗಾಳಿ ಹಾರಿಸಿದ್ರೆ ಗಾಳಿಗೆ ಬೈ."

ಬ್ಲಿ ಅಂದರೆ ಅಣ್ಣ. ಬಾಲಿಯಲ್ಲಿ ವಯಸ್ಸಿನ ಹುಡುಗರನ್ನೆಲ್ಲ ಹಾಗೇ ಕರೆಯುತ್ತಾರೆ. ಆದರೆ ಈ ಪೆರೆರೆನಾನ್ ಊರಿನಲ್ಲಿ ಬೇರೆ ಯಾರು ಕರೆದರೂ ಮೆರ್ತನ ಕಿವಿ ಹೀಗೆ ಬಿಸಿಯಾಗುತ್ತಿರಲಿಲ್ಲ.

"ಗಾಳಿ ಬಂದು ಪಿಹೆಚ್ ಏರಿಸಲ್ಲ!"

"ಎರಡು ಎಸಳು ಏರಿಸುತ್ತಾ?"

ಅವನು ಬಗ್ಗಿ ಟೆಸ್ಟ್ ಕಿಟ್ಟಿನ ಕೊಳವೆಗೆ ಪೂಲಿನ ನೀರು ತುಂಬಿದ. ಕೆಂಪು ದ್ರವದ ಐದು ಹನಿ ಬಿಟ್ಟು ಅಲ್ಲಾಡಿಸಿದ. ಪಿಹೆಚ್ ಅಂದರೆ ನೀರಿನ ಹುಳಿ-ಕ್ಷಾರದ ಅಳತೆ; ಎಲ್ಲ ಸರಿಯಿದ್ದರೆ ನೀರು ತೆಳುಗೆಂಪಾಗಿ ಏಳೂವರೆ ತೋರಿಸಬೇಕು. ಇದು ನೇರಳೆಹಣ್ಣು ತಿಂದವನ ನಾಲಿಗೆಯ ಬಣ್ಣಕ್ಕೆ ತಿರುಗಿತು. ಎಂಟು ದಾಟಿದೆ. ಮತ್ತೆ.

ನಿನ್ನೆ ತಾನೇ ಆಸಿಡ್ ಹಾಕಿ ಏಳೂವರೆಗೆ ಇಳಿಸಿ ಹೋಗಿದ್ದ. ಮೊನ್ನೆಯೂ ಇಳಿಸಿದ್ದ. ಐದು ವಾರದಿಂದ ಇದೇ ಗೋಳು. ಅವನು ಇಳಿಸುವುದು, ಇಪ್ಪತ್ತನಾಲ್ಕು ಗಂಟೆಯಲ್ಲಿ ಅದು ಏರಿ ಕೂರುವುದು. ಪಿಹೆಚ್ ಏರಿದ ಮೇಲೆ ಕ್ಲೋರಿನ್ ಎಷ್ಟು ಸುರಿದರೂ ದಂಡ. ನೀರು ಅಕ್ಕಿ ತೊಳೆದ ಹಾಗೆ ಮಂಕಾಗುತ್ತಿತ್ತು, ಹಸಿರು ಕಲ್ಲಿನ ಮೇಲೆ ಬಿಳಿ ಪೊರೆ ಕೂರುತ್ತಿತ್ತು. ಅವನು ಬ್ರಷ್ ಹಿಡಿದು ತೋಳು ಬೀಳುವ ತನಕ ಉಜ್ಜುತ್ತಿದ್ದ.

"ಮತ್ತೆ ಎಂಟಾ?" ರಸ್ಮಿನಿ ಅವನ ಭುಜದ ಹಿಂದಿನಿಂದ ಇಣುಕಿದಳು. ಅವಳ ಕೂದಲಿನ ಕೊಬ್ಬರಿ ಎಣ್ಣೆಯ ವಾಸನೆ ಕ್ಲೋರಿನ್ನಿನ ಘಾಟನ್ನು ದಾಟಿ ಬಂತು.

"ಕಣ್ಣು ಕಾಣಲ್ವಾ?"

"ಕಾಣುತ್ತೆ. ಚೆನ್ನಾಗಿದೆ ಬಣ್ಣ. ಈ ಬಣ್ಣದ ಬ್ಲೌಸ್ ಹೊಲಿಸ್ಕೋಬೇಕು."

ಅವನು ತಿರುಗಿ ನೋಡಿದ. ಅವಳ ತುಟಿ ಬಿಗಿಯಾಗಿತ್ತು, ಕಣ್ಣು ಮಾತ್ರ ನಗುತ್ತಿತ್ತು. ಸಾಯಿಸಿಬಿಡಬೇಕು ಅನ್ನಿಸಿತು. ಇನ್ನೊಂದು ಗಳಿಗೆ ಹೀಗೇ ನಿಂತಿರಲಿ ಅಂತಲೂ ಅನ್ನಿಸಿತು. ಎರಡಕ್ಕೂ ಸೇರಿ ಸಿಟ್ಟು ಬಂತು.

*

ಮೊದಲು ಅವನು ವಾರಕ್ಕೆ ಮೂರೇ ಸಲ ಬರುತ್ತಿದ್ದುದು. ನೀರು ಕೈಕೊಟ್ಟ ಮೇಲೆ ದಿನಾ ಹೋಗು ಅಂತ ಅವನ ಯಜಮಾನ ಸುವೇಚ ಅಟ್ಟಿದ್ದ. ಬೇರೆ ಹನ್ನೊಂದು ಮನೆಯ ಪೂಲುಗಳು ಮೆರ್ತನ ಕೈಯಲ್ಲಿ ಸಾಕಿದ ನಾಯಿಯ ಹಾಗೆ ಇದ್ದವು. ಜಕಾರ್ತದ ಹಾರ್ತಿನಿ ಅಮ್ಮನವರ ಈ ಒಂದು ಮನೆ ಮಾತ್ರ ಅವನ ಮಾನ ಕಳೆಯುತ್ತಿತ್ತು. ಅಮ್ಮನವರು ಇರುವುದು ಜಕಾರ್ತದಲ್ಲೇ. ಇಲ್ಲಿ ಕಸ, ಅಡುಗೆ, ಪೂಜೆ, ಬೀಗ ಎಲ್ಲಾ ರಸ್ಮಿನಿಯದು.

ಮೆರ್ತ ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅದನ್ನು ಯಾರೂ ಮರೆಯಲು ಬಿಡುತ್ತಿರಲಿಲ್ಲ. ಆಸಿಡ್ ಜಾಸ್ತಿ ಹಾಕಿ ನೋಡಿದ. ಕಮ್ಮಿ ಹಾಕಿ ನೋಡಿದ. ಯಾರೋ ಹೇಳಿದರೆಂದು ಸೋಡಾಪುಡಿ ಸುರಿದ, ಅದು ಇನ್ನೂ ಕೆಟ್ಟಿತು. ಫಿಲ್ಟರಿನ ಮರಳು ಬದಲಾಯಿಸಿದ. ರಾತ್ರಿ ಹಾಸಿಗೆಯಲ್ಲಿ ಬಿದ್ದರೂ ಕಣ್ಣ ಮುಂದೆ ನೇರಳೆ ಬಣ್ಣ.

ಬಾಲಿಯ ಮೌನದ ಹಬ್ಬ ನ್ಯೆಪಿಯ ಹಿಂದಿನ ದಿನ ಸುವೇಚನ ಫೋನ್ ಬಂತು. ಮೆರ್ತ ಪಂಪು ಕೋಣೆಯ ಮುಂದೆ ನಿಂತಿದ್ದ. ಸ್ಪೀಕರ್ ಬೇಕಾಗಿರಲಿಲ್ಲ, ಯಜಮಾನನ ಗಂಟಲೇ ಹಾಗೆ.

"ನಾಡಿದ್ದು ಹತ್ತು ಗಂಟೆಗೆ ಹಾರ್ತಿನಿ ಅಮ್ಮ ಮೊಮ್ಮಕ್ಕಳ ಜೊತೆ ಬರ್ತಾರೆ. ತಳ ಕಾಣಬೇಕು. ಕಾಣಲಿಲ್ವೋ, ಆ ಮನೆಗೆ ಬೇರೆಯವನನ್ನ ಹಾಕ್ತೀನಿ. ನೀನು ಗೋಡೌನಿಗೆ ಬಾ, ಡಬ್ಬ ಎತ್ತೋಕೆ. ಶಾಲೆ ಮುಗಿಸದವನಿಗೆ ನಂಬರಿನ ಕೆಲಸ ಕೊಟ್ಟಿದ್ದೇ ನನ್ನ ತಪ್ಪು."

"ಬಾಪಾಕ್, ಯಜಮಾನ್ರೇ, ನಾಳೆ ನ್ಯೆಪಿ! ಇಡೀ ದಿನ ಪಂಪು ನಿಲ್ಲಿಸಬೇಕು. ಓಡುವಾಗಲೇ ನಿಲ್ಲದ ನೀರು..."

ಫೋನ್ ಕಟ್ಟಾಗಿತ್ತು.

ರಸ್ಮಿನಿ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿದ್ದ ಬಟ್ಟೆಯ ಬುಟ್ಟಿ ಕೆಳಗಿಳಿದಿತ್ತು. ಕಣ್ಣಿನ ನಗು ಯಾರೋ ಒರೆಸಿದ ಹಾಗೆ ಹೋಗಿತ್ತು.

"ನಿನ್ನನ್ನ... ಬರದ ಹಾಗೆ ಮಾಡ್ತಾರಾ?"

"ಖುಷಿಪಡು. ಇನ್ನು ನಿನ್ನ ಹೂವಿಗೆ ಬೈಯೋರು ಇರಲ್ಲ."

"ಬ್ಲಿ, ಒಂದು ಮಾತು ಹೇಳಬೇಕು."

"ಹೂವಿನ ಮಾತು ಬೇಡ!" ಅವನು ಅಬ್ಬರಿಸಿದ. "ದೇವರ ಮಾತೂ ಬೇಡ. ಹೋಗು, ನಿನ್ನ ಬಟ್ಟೆ ಒಣಗಿಹಾಕು."

ಅವಳ ಮುಖ ಕೆಂಪೇರಿತು. ಸಿಟ್ಟು ಬಂದಾಗ ಅವಳು ಬಹಳ ಮರ್ಯಾದೆ ಕೊಡುತ್ತಿದ್ದಳು. "ಆಯ್ತು. ತಾವು ಹೇಳಿದ ಹಾಗೇ ಆಗಲಿ," ಎಂದು ಬುಟ್ಟಿ ಎತ್ತಿಕೊಂಡು ಹೋದಳು.

ಅವನು ಕೊನೆಯ ಸಲ ಆಸಿಡ್ ಹಾಕಿದ, ಕ್ಲೋರಿನ್ ಹಾಕಿದ, ಸಂಜೆವರೆಗೆ ಪಂಪು ಓಡಿಸಿದ. ಆಮೇಲೆ ಮೇನ್ ಸ್ವಿಚ್ ಕೆಳಗೆಳೆದ. ಅವಳು ಗೇಟಿಗೆ ಬೀಗ ಹಾಕಿದಳು. ಇಬ್ಬರೂ ಮಾತಾಡದೆ ತಂತಮ್ಮ ಬೈಕ್ ಹತ್ತಿ, ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ಹೋದರು.

*

ನ್ಯೆಪಿಯ ದಿನ ಒಲೆ ಹಚ್ಚುವ ಹಾಗಿಲ್ಲ, ದೀಪ ಹಚ್ಚುವ ಹಾಗಿಲ್ಲ, ಕೆಲಸ ಮಾಡುವ ಹಾಗಿಲ್ಲ, ಗೇಟು ದಾಟುವ ಹಾಗಿಲ್ಲ. ಫೋನಿನಲ್ಲಿ ನೆಟ್ ಇಲ್ಲ. ಪಂಪಿನ ಸದ್ದು ಬೀದಿಗೆ ಕೇಳಿದರೂ ಊರ ಕಾವಲಿನವರು ಬಂದು ಬಾಗಿಲು ತಟ್ಟುತ್ತಾರೆ. ಇಡೀ ದ್ವೀಪ ಬಾಯಿ ಮುಚ್ಚಿ ಕೂರುತ್ತದೆ. ಒಳ್ಳೆಯವರಿಗೆ ಅದು ಧ್ಯಾನ.

ಮೆರ್ತನಿಗೆ ಅದು ಜೈಲು. ಚಾಪೆಯ ಮೇಲೆ ಬಿದ್ದುಕೊಂಡು ಮನಸ್ಸಿನಲ್ಲೇ ನೀರನ್ನು ಬೈದ. ಸುವೇಚನನ್ನು ಬೈದ. ಶಾಲೆಯನ್ನು ಬೈದ. ಬೈಯುವುದಕ್ಕೆ ಇನ್ನೇನೂ ಉಳಿಯದಾದಾಗ ಆ ಬಾಗಿಲಲ್ಲಿ ನಿಂತ ಮುಖ ನೆನಪಾಯಿತು. ಒಂದು ಮಾತು ಹೇಳಬೇಕು ಅಂದಿದ್ದಳು. ಏನಿತ್ತು ಅದು? ಕೇಳಿಸಿಕೊಳ್ಳಲು ಎಷ್ಟು ಹೊತ್ತು ಬೇಕಿತ್ತು?

ಗೋಡೌನಿನಲ್ಲಿ ಡಬ್ಬ ಎತ್ತುವುದು ಅವನಿಗೆ ಭಾರವಾಗಿರಲಿಲ್ಲ, ತೋಳಿನಲ್ಲಿ ಶಕ್ತಿಯಿತ್ತು. ಬೆಳಿಗ್ಗೆ ಎಂಟಕ್ಕೆ ಆ ಗೇಟಿನ ಮುಂದೆ ಬೈಕ್ ನಿಲ್ಲಿಸಲಾಗದೆ ಇರುವುದು ಭಾರ. ಐದು ವಾರ ಅವನು ಹಲ್ಲು ಕಡಿಯುತ್ತಾ ಆ ಮನೆಗೆ ಹೋಗಿದ್ದ. ಒಂದು ದಿನವೂ ತಡವಾಗಿ ಹೋಗಿರಲಿಲ್ಲ. ಅದು ಈಗ ಹೊಳೆಯಿತು. ಹೊಳೆದದ್ದಕ್ಕೂ ಸಿಟ್ಟು ಬಂತು.

*

ಮರುದಿನ ಆರೂವರೆಗೇ ಅವನು ಗೇಟಿನ ಬಳಿ ಇದ್ದ. ಬೀಗ ಹಾಕಿದ್ದರಿಂದ ಗೋಡೆ ಹಾರಿದ. ಪಾಚಿಗಟ್ಟಿದ ಹಸಿರು ಗುಂಡಿಯನ್ನು ನೋಡಲು ಮನಸ್ಸನ್ನು ಕಲ್ಲು ಮಾಡಿಕೊಂಡು ಬಂದಿದ್ದ.

ತಳ ಕಾಣುತ್ತಿತ್ತು. ಒಂದೊಂದು ಕಲ್ಲೂ ಕಾಣುತ್ತಿತ್ತು. ನಾಲ್ಕು ಎಲೆ ತಳದಲ್ಲಿ ಬಿದ್ದಿದ್ದವು, ಅವುಗಳ ನರ ಕೂಡ ಎಣಿಸಬಹುದಿತ್ತು.

ಕೊಳವೆಗೆ ನೀರು ತುಂಬಿ ಐದು ಹನಿ ಬಿಟ್ಟ. ತೆಳುಗೆಂಪು. ಏಳೂವರೆ. ಚೆಲ್ಲಿ ಮತ್ತೆ ತುಂಬಿದ. ಏಳೂವರೆ. ಪೂಲಿನ ಆ ತುದಿಗೆ ಓಡಿ ಅಲ್ಲಿಂದ ತುಂಬಿದ. ಏಳೂವರೆಯೇ.

ಖುಷಿ ಬಂದದ್ದು ಅರ್ಧ ನಿಮಿಷ. ಆಮೇಲೆ ಅವನಿಗೆ ಮೈ ಉರಿಯಿತು. ಪಂಪು ಓಡಿಸಿ, ಬೆವರು ಸುರಿಸಿ, ದಿನಾ ಕಾದರೆ ನಿಲ್ಲದ ನೀರು, ಇಡೀ ದಿನ ಬಿಟ್ಟುಹೋದರೆ ನಿಲ್ಲುವುದೆಂದರೆ ಏನರ್ಥ? ನಿನ್ನೆ ಇಲ್ಲಿ ಏನು ಇರಲಿಲ್ಲ?

ಅವನು ಸುತ್ತ ನೋಡಿದ. ಪೂಲಿನ ತಲೆಯ ಕಡೆ ಸಾಲಾಗಿ ಕೂತ ಮೂರು ಕಲ್ಲಿನ ಕಪ್ಪೆಗಳು. ವಾಲ್ವ್ ತಿರುಗಿಸಿದರೆ ಅವುಗಳ ಬಾಯಿಂದ ನೀರು ಆಳೆತ್ತರದಿಂದ ಪೂಲಿಗೆ ಧುಮುಕುತ್ತಿತ್ತು. ಅತಿಥಿಗಳಿದ್ದಾಗ ಮಾತ್ರ ಬಿಡಬೇಕೆಂದು ಅವನೇ ತಾಕೀತು ಮಾಡಿದ್ದ. ದಿನಾ ಬೆಳಿಗ್ಗೆ ಅವುಗಳ ಗದ್ದ ಒದ್ದೆಯಾಗಿರುತ್ತಿತ್ತು. ಇಬ್ಬನಿ ಅಂದುಕೊಂಡಿದ್ದ. ಇವತ್ತೂ ಇಬ್ಬನಿ ಬಿದ್ದಿದೆ, ಹುಲ್ಲು ಒದ್ದೆಯಿದೆ. ಕಪ್ಪೆಗಳ ಗದ್ದ ಮಾತ್ರ ಒಣಗಿ ಬೆಳ್ಳಗಾಗಿತ್ತು.

ಪಂಪು ಕೋಣೆಗೆ ನುಗ್ಗಿದ. ಬೇರೆ ವಾಲ್ವುಗಳ ಹಿಡಿಯ ಮೇಲೆಲ್ಲ ಧೂಳು. ಕಪ್ಪೆಗಳ ವಾಲ್ವಿನ ಹಿಡಿ ದಿನಾ ಕೈಯಾಡಿ ಹೊಳೆಯುತ್ತಿತ್ತು.

ಹೊರಗೆ ಬೀಗ ತೆಗೆದ ಸದ್ದಾಯಿತು. ರಸ್ಮಿನಿ ಒಳಗೆ ಬಂದು, ಅವನು ನಿಂತ ಜಾಗ ನೋಡಿ, ಅಲ್ಲೇ ನಿಂತಳು.

"ಕಪ್ಪೆ ಯಾರು ಬಿಡ್ತಿದ್ರು?"

ಅವಳು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ರಸ್ಮಿನಿ, ಯಾರು ಬಿಡ್ತಿದ್ರು?"

"ನಾನು. ನೀನು ಹೋದ ತಕ್ಷಣ ಬಿಡ್ತಿದ್ದೆ, ಸಂಜೆ ತನಕ. ಮತ್ತೆ ಬೆಳಿಗ್ಗೆ ಬಂದು ಬಿಡ್ತಿದ್ದೆ. ನಿನ್ನ ಬೈಕಿನ ಸದ್ದು ಗಲ್ಲಿ ತುದೀಲಿ ಕೇಳ್ತಿದ್ದ ಹಾಗೆ ಬಂದ್ ಮಾಡ್ತಿದ್ದೆ."

"ನೀರು ಎತ್ತರದಿಂದ ಬಿದ್ದು ಗಾಳಿ ಜೊತೆ ಕಲಸಿದ್ರೆ ಪಿಹೆಚ್ ಏರುತ್ತೆ ಅಂತ ನಿನಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ಯಾವ ಪಾಪಿ ಹೇಳಿಕೊಟ್ಟ?"

"ನೀನೇ." ಅವಳು ತಲೆಯೆತ್ತಿದಳು. "ಮೊದಲನೇ ವಾರ. ಅತಿಥಿಗಳು ಹೋದ ಮೇಲೂ ಕಪ್ಪೆ ಓಡ್ತಾ ಇತ್ತು ಅಂತ ಅರ್ಧ ಗಂಟೆ ಬೈದೆ. ಹೀಗೆ ಬಿಟ್ರೆ ನಂಬರ್ ಏರುತ್ತೆ, ನಾಳೆ ಮತ್ತೆ ನಾನೇ ಬಂದು ಸಾಯಬೇಕು ಅಂದೆ. ನನಗೆ ಅಷ್ಟು ಸಾಕಿತ್ತು."

ಮೆರ್ತ ವಾಲ್ವಿನ ಹಿಡಿಯನ್ನು ಅಂಗೈಯಿಂದ ಗುದ್ದಿದ.

"ಐದು ವಾರ! ನಾನು ದಡ್ಡ, ನನ್ನ ಕೈಯಲ್ಲಿ ಏನೂ ಆಗಲ್ಲ ಅಂತ ಐದು ವಾರ ನಂಬಿದ್ದೆ. ರಾತ್ರಿ ನಿದ್ದೆ ಮಾಡಿಲ್ಲ, ಗೊತ್ತಾ? ಬಾಯಿಬಿಟ್ಟು ಹೇಳಬಾರದಿತ್ತಾ?"

"ಯಾವಾಗ ಹೇಳಲಿ? ಗೇಟು ದಾಟೋದೇ ತಡ ನೀರಿಗೆ ಬೈತೀಯ. ಆಮೇಲೆ ಹೂವಿಗೆ. ಆಮೇಲೆ ನನಗೆ. ನಡುವೆ ಎಲ್ಲಿ ತೂರಿಸಲಿ ನನ್ನ ಮಾತು?" ಅವಳ ದನಿ ಒಡೆಯಿತು. "ಕೆಲಸ ಹೋಗುತ್ತೆ ಅಂತ ಗೊತ್ತಿರಲಿಲ್ಲ, ಬ್ಲಿ. ಗೊತ್ತಾದ ಗಳಿಗೆಯಿಂದ ಮುಟ್ಟಿಲ್ಲ. ನಿನ್ನೆ ಇಡೀ ದಿನ ಅನ್ನ ಇಳೀಲಿಲ್ಲ."

"ನಿನ್ನೆ ಎಲ್ಲರದೂ ಉಪವಾಸ."

"ನಮ್ಮನೇಲಿ ತಣ್ಣನೆ ಅನ್ನ ಇಟ್ಟಿದ್ರು."

ಅವನಿಗೆ ನಗು ಬಂತು. ತಡೆದ. ಅವಳು ಅದನ್ನು ನೋಡಿಬಿಟ್ಟಳು.

"ಇವತ್ತು ಮನೆಮನೆಗೆ ಹೋಗಿ ಕ್ಷಮೆ ಕೇಳೋ ದಿನ. ಕೇಳ್ತಾ ಇದೀನಿ. ಇವತ್ತು ಕೇಳಿದೋರಿಗೆ ಇಲ್ಲ ಅನ್ನೋ ಹಾಗಿಲ್ಲ."

"ನಾನು ಅಂತೀನಿ."

"ಅನ್ನು ನೋಡೋಣ."

ಅವಳು ಎರಡು ಹೆಜ್ಜೆ ಹತ್ತಿರ ಬಂದಳು. ಕಣ್ಣಂಚಿನಲ್ಲಿ ನೀರಿತ್ತು, ಅದರ ಹಿಂದೆ ಆ ಹಳೆಯ ತುಂಟತನ ಮೆಲ್ಲಗೆ ತಲೆ ಹಾಕುತ್ತಿತ್ತು. ಇಲ್ಲ ಅನ್ನಲು ಮೆರ್ತ ಬಾಯಿ ತೆರೆದ. ಬಂದ ಮಾತು ಬೇರೆ.

"ಎಲೆ ತೆಗೀಬೇಕು. ಬಲೆ ಕೊಡು."

*

ಹತ್ತಕ್ಕೆ ಕಾರು ಬಂತು. ಮೊಮ್ಮಕ್ಕಳು ಚಪ್ಪಲಿ ಬಿಡುವ ಮೊದಲೇ ಪೂಲಿಗೆ ಹಾರಿದರು. ಹಾರ್ತಿನಿ ಅಮ್ಮನವರು ತಳ ನೋಡಿ, ಮೆರ್ತನನ್ನು ನೋಡಿ, "ಎಷ್ಟು ಚೆನ್ನಾಗಿ ಇಟ್ಟಿದೀಯಪ್ಪ" ಅಂದರು. ಹನ್ನೊಂದಕ್ಕೆ ಸುವೇಚನ ಫೋನ್.

"ಭೇಷ್! ಅಮ್ಮನವರು ಖುಷಿಯಾಗಿದಾರೆ. ಸರಿಹೋಯ್ತಲ್ಲ, ಇನ್ನು ದಿನಾ ಬೇಡ. ವಾರಕ್ಕೆ ಎರಡು ಸಲ ಹೋಗು, ಸಾಕು."

ಪಕ್ಕದಲ್ಲಿ ಟವೆಲ್ ಮಡಿಸುತ್ತಿದ್ದ ರಸ್ಮಿನಿಯ ಕೈ ನಿಂತಿತು.

"ಎರಡೇನಾ?" ಎಂದಳು ಮೆಲ್ಲಗೆ. "ಕಪ್ಪೆಯ ಕಡೆ ನಾನು ತಲೆ ಹಾಕಲ್ಲ ಅಂತ ಆಣೆ ಬೇರೆ ಮಾಡಿದೀನಿ."

ಮೆರ್ತ ಟೆಸ್ಟ್ ಕಿಟ್ಟಿನ ಮುಚ್ಚಳ ಹಾಕಿದ. ತೆಗೆದ. ಮತ್ತೆ ಹಾಕಿದ.

"ನಿಮ್ಮಪ್ಪ ಇವತ್ತು ಮನೇಲಿರ್ತಾರಾ?"

"ಇವತ್ತು ಎಲ್ಲರೂ ಇರ್ತಾರೆ. ಯಾಕೆ?"

"ಕ್ಷಮೆ ಕೇಳೋಕೆ ಬರ್ತೀನಿ."

"ನಮ್ಮಪ್ಪನಿಗೆ ನೀನ್ಯಾರು ಅಂತಾನೇ ಗೊತ್ತಿಲ್ಲ! ಯಾವ ತಪ್ಪಿಗೆ ಕೇಳ್ತೀಯ?"

"ಅದು ನನಗೂ ಅವರಿಗೂ ಬಿಟ್ಟಿದ್ದು."

ಅವಳು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಳು. ಟವೆಲ್ಲಿನ ಹಿಂದಿನಿಂದಲೇ ಮನೆಯ ಗುರುತು ಹೇಳಿದಳು. "ಊರ ಮಂಟಪದ ಹಿಂದೆ, ನೀಲಿ ಗೇಟು. ನಾಯಿ ಇದೆ. ನಿನ್ನ ಹಾಗೇ. ಬೊಗಳುತ್ತೆ ಅಷ್ಟೇ."

ಮಧ್ಯಾಹ್ನ ಮೂರಕ್ಕೆ ಅವನು ಸೊಂಟಕ್ಕೆ ಬಿಳಿ ವಸ್ತ್ರ ಸುತ್ತಿ, ತಲೆಗೆ ಪಟ್ಟಿ ಕಟ್ಟಿ, ಕ್ಲೋರಿನ್ ವಾಸನೆ ಹೋಗಲೆಂದು ಕೈಯನ್ನು ನಾಲ್ಕು ಸಲ ಸೋಪಿನಲ್ಲಿ ತೊಳೆದು ನೀಲಿ ಗೇಟಿನ ಮುಂದೆ ನಿಂತ. ಜಗಲಿಯ ಮೇಲೆ ಕೂತಿದ್ದ ರಸ್ಮಿನಿಯ ಅಪ್ಪ ಕನ್ನಡಕ ಏರಿಸಿ ನೋಡಿದರು. ಅಡುಗೆಮನೆಯ ಕಿಟಕಿಯಲ್ಲಿ ಯಾರೋ ಥಟ್ಟನೆ ತಗ್ಗಿದರು.

ಮೆರ್ತ ಕೈಮುಗಿದ. "ಬಾಪಾಕ್, ಕ್ಷಮೆ ಕೇಳೋಕೆ ಬಂದೆ."

"ಯಾರಪ್ಪ ನೀನು? ಏನು ತಪ್ಪು ಮಾಡಿದೀಯ?"

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಹಾರಿಹೋಯಿತು. ಇದ್ದದ್ದನ್ನು ಹೇಳಿದ. "ಪೂಲಿನ ಕೆಲಸದವನು. ಐದು ವಾರ ದಿನಾ ಬೆಳಿಗ್ಗೆ ನಿಮ್ಮ ಮಗಳನ್ನ ಬೈದಿದೀನಿ."

"ಐದು ವಾರ?" ಅಪ್ಪ ಕನ್ನಡಕ ತೆಗೆದರು. "ದಿನಾ?"

"ದಿನಾ."

"ಬೈಸ್ಕೊಂಡು ಸುಮ್ನಿದ್ಲಾ?"

"ಇದ್ದಳು."

ಅಪ್ಪ ಒಮ್ಮೆ ಅಡುಗೆಮನೆಯ ಕಿಟಕಿಯ ಕಡೆ ನೋಡಿದರು, ಒಮ್ಮೆ ಇವನ ಕಡೆ. ಅವರ ಮೀಸೆಯೊಳಗೆ ಏನೋ ಅಲುಗಿತು.

"ನನ್ನ ಮಗಳು ಹೆತ್ತಪ್ಪನ ಹತ್ರ ಒಂದು ಮಾತೂ ಅನ್ನಿಸ್ಕೊಂಡು ಸುಮ್ನಿದ್ದವಳಲ್ಲ," ಅಂದರು, ಪಕ್ಕದ ಚಾಪೆ ಬಿಡಿಸುತ್ತಾ. "ಚಪ್ಪಲಿ ಬಿಟ್ಟು ಮೇಲೆ ಬಾರಪ್ಪ. ಕಾಫಿ ತರ್ತಾಳೆ."