ಮುಖ ನೋಡಿ ಹೇಳಿದ ರುಚಿ

“ತಟ್ಟೆ ಇಲ್ಲಿದೆ ಮೇಡಂ,” ಎಂದ ಅವನು, ಕೌಂಟರಿನ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿ. “ನೀವು ನೋಡ್ತಿರೋದು ಇಲ್ಲಿ.” ಇನ್ನೊಂದು ಕೈಯಿಂದ ತನ್ನ ಮುಖ ತೋರಿಸಿದ.

ಅವಳು ಕಣ್ಣು ತಗ್ಗಿಸಿದಳು. ಸುಟ್ಟ ಬ್ರೆಡ್ಡಿನ ಮೇಲೆ ಬೆಣ್ಣೆಯಲ್ಲಿ ಹುರಿದ ಅಣಬೆ ಹೊಳೆಯುತ್ತಿತ್ತು. ಒಂದು ತುಂಡು ಬಾಯಿಗಿಟ್ಟಳು. ಬಿಸಿ. ಉಪ್ಪು. ಮೆತ್ತಗೆ. ಅದರಾಚೆ ಏನೂ ಇಲ್ಲ, ಒದ್ದೆ ಕಾಗದ ಅಗಿದ ಹಾಗೆ. ಮತ್ತೆ ಓರೆಗಣ್ಣಿನಲ್ಲಿ ಅವನ ಮುಖ ನೋಡಿದಳು. ಹುಬ್ಬುಗಳು ಒಂದಿಷ್ಟು ಮೇಲೆದ್ದಿದ್ದವು. ಕೆಳತುಟಿಯ ತುದಿ ಹಲ್ಲಿಗೆ ಸಿಕ್ಕಿಕೊಂಡಿತ್ತು. ಕಣ್ಣಿನಲ್ಲಿ ಆಸೆ.

“ಚೆನ್ನಾಗಿದೆ,” ಎಂದಳು.

“ಚೆನ್ನಾಗಿದೆ ಅಂದ್ರೆ?”

“ಬೆಣ್ಣೆ ಹದವಾಗಿದೆ. ಬೆಳ್ಳುಳ್ಳಿ ಮುಂದೆ ಬಂದು ಕೂತಿಲ್ಲ.”

ಅವನ ತುಟಿ ಹಲ್ಲಿನಿಂದ ಬಿಡಿಸಿಕೊಂಡು ನಗುವಾಯಿತು. ಬೆಳ್ಳುಳ್ಳಿಯ ಸಿಪ್ಪೆ ಹಲಗೆಯ ಮೇಲೆ ಬಿದ್ದಿದ್ದನ್ನು ಅವಳು ಒಳಗೆ ಬರುವಾಗಲೇ ಕಂಡಿದ್ದಳು. ಉಳಿದದ್ದನ್ನು ಅವನ ಮುಖ ನೋಡಿ ಹೇಳಿದ್ದಳು.

ಜ್ವರ ಹೋಗುವಾಗ ಅವಳ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಸೋಪು, ಒದ್ದೆ ಮಣ್ಣು, ಅಕ್ಕನ ತಲೆಯೆಣ್ಣೆ, ತನ್ನದೇ ದಿಂಬು, ಎಲ್ಲವೂ ಅವಳೊಂದಿಗೆ ಒಟ್ಟಿಗೇ ಮಾತು ಬಿಟ್ಟಿದ್ದವು. ನಾಲಿಗೆಗೆ ಉಪ್ಪು, ಹುಳಿ, ಸಿಹಿ, ಕಹಿ ತಿಳಿಯುತ್ತಿತ್ತು. ಆದರೆ ಕಣ್ಣು ಮುಚ್ಚಿ ಕೊಟ್ಟರೆ ಕಿತ್ತಳೆ ಯಾವುದು, ನಿಂಬೆ ಶರಬತ್ತು ಯಾವುದು ಎಂದು ಹೇಳಲಾಗುತ್ತಿರಲಿಲ್ಲ. “ಬರಬಹುದು, ಬರದೆಯೂ ಇರಬಹುದು” ಎಂದಿದ್ದ ಡಾಕ್ಟರು ಮುಂದಿನ ರೋಗಿಯನ್ನು ಕರೆದಿದ್ದರು.

ಬೇರೆಯವರಾಗಿದ್ದರೆ ನಾಲ್ಕು ಜನರ ಹತ್ತಿರ ಹೇಳಿಕೊಂಡು ಹಗುರಾಗುತ್ತಿದ್ದರೇನೋ. ಅವಳ ಅನ್ನವೇ ಆ ಮೂಗಿನಲ್ಲಿತ್ತು. ಬಿಸ್ಕತ್ ಕಾರ್ಖಾನೆಯ ರುಚಿ ನೋಡುವ ಕೋಣೆಯಲ್ಲಿ ಕೆಲಸ. ಒಲೆಯಿಂದ ಬಂದ ಬಿಸ್ಕತ್ತನ್ನು ಮುರಿದು, ಮೂಸಿ, ಅಗಿದು, ಬೆಣ್ಣೆ ಹಳಸಿದೆಯೇ, ವೆನಿಲಾ ಹೆಚ್ಚಾಯಿತೇ ಎಂದು ಹೇಳಬೇಕು. ಅಲ್ಲಿ ಅವಳನ್ನು ಎಲ್ಲರೂ ‘ನಾಲಿಗೆ’ ಎಂದೇ ಕರೆಯುವುದು. ಈಗ ‘ನಾಲಿಗೆ’ ಪಕ್ಕದ ಕುರ್ಚಿಯ ಹಿರಿಯರು ಏನು ಹೇಳುತ್ತಾರೋ ಕಾದಿದ್ದು, ಅದನ್ನೇ ಬೇರೆ ಮಾತಿನಲ್ಲಿ ಹೇಳುತ್ತಿತ್ತು. ಸಂಜೆ ಬಸ್ಸಿನಲ್ಲಿ ಕೂತರೆ ದವಡೆ ನೋಯುತ್ತಿತ್ತು. ಅಗಿದದ್ದಕ್ಕಲ್ಲ, ದಿನವಿಡೀ ಬಿಗಿಹಿಡಿದದ್ದಕ್ಕೆ.

ಇದರ ನಡುವೆ ಬೀದಿಗೆ ಬಾರ್ ಬಂತು. ಮೊದಲು ಅಲ್ಲಿ ಚಪ್ಪಲಿ ಅಂಗಡಿಯಿತ್ತು. ಗೋಡೆಯ ಗೂಡುಗಳ ಮೇಲಿನ ಅಳತೆಯ ಸಂಖ್ಯೆಗಳು ಹಾಗೇ ಉಳಿದಿದ್ದವು. ಏಳನೇ ನಂಬರಿನಲ್ಲಿ ಜಿನ್, ಒಂಬತ್ತರಲ್ಲಿ ರಮ್. ನಡೆಸುವವನು ದೊಡ್ಡ ಹೋಟೆಲಿನ ಬಾರಿನಲ್ಲಿ ವರ್ಷಗಟ್ಟಲೆ ನಿಂತು, ಇನ್ನು ಕಾಲು ನೋಯಿಸಿಕೊಳ್ಳುವುದಾದರೆ ಸ್ವಂತದ್ದರಲ್ಲೇ ಎಂದು ಹೊರಬಂದವನು. ಬೀದಿ ಅವನಿಗೆ ‘ಹೊಸಬ’ ಎಂದು ಹೆಸರಿಟ್ಟಿತು. ಎದುರುಗಡೆ ಟೈಲರಿಂಗ್ ಅಂಗಡಿ ಇಟ್ಟಿದ್ದ ಅಕ್ಕ ಅವನಿಗೆ ಕಿಟಕಿ ಪರದೆ ಹೊಲಿದುಕೊಟ್ಟಳು. ಮೆನು ಗಟ್ಟಿಮಾಡಲು ಹೊರಗಿನ ಬಾಯಿಯೊಂದು ಬೇಕಿತ್ತು ಎಂದು ಅವನು ಅಂದದ್ದೇ ತಡ, ತಂಗಿಯನ್ನು ಮುಂದೆ ತಳ್ಳಿದಳು.

“ಹೋಗೇ. ದಿನಾ ಫ್ಯಾಕ್ಟರಿ ಮನೆ, ಫ್ಯಾಕ್ಟರಿ ಮನೆ. ಪುಕ್ಕಟೆ ಊಟಕ್ಕೆ ಕರೆದ್ರೆ ಯಾರಾದ್ರೂ ಹೀಗೆ ಮುಖ ಗಂಟಿಕ್ಕೋತಾರಾ?”

ಒಲ್ಲೆ ಎನ್ನಲು ಕಾರಣ ಹೇಳಬೇಕಿತ್ತು. ಕಾರಣ ಹೇಳುವುದಕ್ಕಿಂತ ಹೋಗುವುದು ಸುಲಭವಾಗಿತ್ತು.

ಹೀಗೆ ಕೆಲಸ ಮುಗಿಸಿ, ಚಪ್ಪಲಿ ಕಚ್ಚಿದ ಹಿಮ್ಮಡಿ ಎಳೆದುಕೊಂಡು, ಅವಳು ಸಂಜೆಸಂಜೆ ಎತ್ತರದ ಸ್ಟೂಲಿನ ಮೇಲೆ ಬಂದು ಕೂರುವುದು ರೂಢಿಯಾಯಿತು. ಅವನೂ ದಣಿದೇ ಇರುತ್ತಿದ್ದ. ಬಣ್ಣ ಬಳಿಯುವವನು ಕೈಕೊಟ್ಟಿದ್ದ, ಫ್ರಿಜ್ಜು ರಾತ್ರಿಯೆಲ್ಲ ಗೊರಕೆ ಹೊಡೆಯುತ್ತಿತ್ತು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಅವನು ಗ್ಲಾಸು ಮುಂದಿಡುತ್ತಿದ್ದ. ಅವಳು ಒಂದು ಗುಟುಕು ಕುಡಿದು ಅವನ ಮುಖ ನೋಡುತ್ತಿದ್ದಳು.

ಆ ಮುಖ ಅವಳಿಗೆ ಬಾಯಿಪಾಠವಾಯಿತು. ತನಗೇ ಒಪ್ಪಿಗೆಯಾಗದ್ದನ್ನು ಕೊಡುವಾಗ ಅವನು ಮೂಗಿನ ಪಕ್ಕ ಕೆರೆದುಕೊಳ್ಳುತ್ತಿದ್ದ. ಆಗ ಅವಳು “ಏನೋ ಕಡಿಮೆ ಇದೆ” ಎನ್ನುತ್ತಿದ್ದಳು. ಗೆದ್ದೆ ಅನಿಸಿದಾಗ ಕೈ ಹಿಂದೆ ಕಟ್ಟುತ್ತಿದ್ದ. ಆಗ “ಇದು ಇರಲಿ” ಎನ್ನುತ್ತಿದ್ದಳು. ನಕ್ಕರೆ ಒಂದು ಕೆನ್ನೆಯಲ್ಲಿ ಮಾತ್ರ ಗೆರೆ ಬೀಳುತ್ತಿತ್ತು. ಅದು ಯಾವ ರುಚಿಗೂ ಸಂಬಂಧಪಟ್ಟದ್ದಲ್ಲ, ನೋಡುವ ಅಗತ್ಯವೂ ಇರಲಿಲ್ಲ. ಆದರೂ ಬಸ್ಸಿನಲ್ಲಿ ಕಣ್ಣು ಮುಚ್ಚಿದರೆ ಆ ಗೆರೆಯೇ ಮೊದಲು ಬರುತ್ತಿತ್ತು.

“ನಿಮ್ಮ ಫ್ಯಾಕ್ಟರಿಯಲ್ಲೂ ಹೀಗೇನಾ?” ಎಂದು ಕೇಳಿದ ಒಮ್ಮೆ, ಗ್ಲಾಸು ಒರೆಸುತ್ತ. “ಬಿಸ್ಕತ್ ಕೊಟ್ಟವರ ಮುಖ ಹೀಗೇ ದಿಟ್ಟಿಸ್ತೀರಾ?”

“ಅಲ್ಲಿ ಮುಖ ಇರಲ್ಲ. ಟ್ರೇ ಇರುತ್ತೆ.”

“ಪಾಪ, ಟ್ರೇ,” ಎಂದ. ಕಿವಿಯ ತುದಿ ಕೆಂಪಾಗಿತ್ತು.

ತಾನು ನೋಡುವುದನ್ನು ಅವನು ಏನೆಂದು ತಿಳಿಯುತ್ತಿದ್ದಾನೆ ಎಂಬುದು ಅವಳಿಗೆ ಹೊಳೆದದ್ದು ಆಗ. ತಡೆಯಬೇಕಿತ್ತು. ತಡೆಯಲಿಲ್ಲ. ಯಾರೋ ತನ್ನನ್ನು ಹಾಗೆ ತಪ್ಪು ತಿಳಿಯುವುದು ಹಿತವಾಗಿತ್ತು.

ಬಾರ್ ತೆರೆಯುವ ಮುನ್ನಾ ಸಂಜೆ ಅವನು ಹೊಂಬಣ್ಣದ ಪಾನೀಯವೊಂದನ್ನು ಎರಡೂ ಕೈಯಲ್ಲಿ ಹಿಡಿದು ತಂದ.

“ಸುಟ್ಟ ಅನಾನಸ್, ರಮ್, ಲವಂಗದ ಹೊಗೆ. ಈ ಬಾರ್ ಅಂದ್ರೆ ಇದೇ ನೆನಪಿಗೆ ಬರಬೇಕು ಅಂತ ಆಸೆ. ಆದ್ರೆ ವಾರದಿಂದ ಅದೇ ಹೊಗೆಯಲ್ಲಿ ನಿಂತು ನನ್ನ ಮೂಗು ಸತ್ತೇ ಹೋಗಿದೆ. ನಿಮ್ಮ ಮಾತೇ ಕೊನೆ. ಲವಂಗ ಹೆಚ್ಚಾಯ್ತಾ?”

ಮೂಗು ಸತ್ತುಹೋಗಿದೆ ಎಂದು ಅವನು ಎಷ್ಟು ಸಲೀಸಾಗಿ ನಗುತ್ತ ಹೇಳಿದ. ನನ್ನದೂ, ಎನ್ನಲು ಅವಳಿಗೆ ಒಂದೇ ಪದ ಸಾಕಿತ್ತು. ಬದಲಿಗೆ ಗುಟುಕು ಕುಡಿದಳು. ಸಿಹಿ, ಹಿಂದೆಯೇ ಹುಳಿ, ನಾಲಿಗೆಯ ತುದಿಯಲ್ಲಿ ಸಣ್ಣ ಜೋಮು. ತಲೆಯೆತ್ತಿ ನೋಡಿದಳು. ಅವನ ಮುಖ ಅಷ್ಟು ಬೆಳಗಿದ್ದನ್ನು ಅವಳು ಅದುವರೆಗೆ ಕಂಡಿರಲಿಲ್ಲ.

“ಇಲ್ಲ, ಸರಿಯಾಗಿದೆ.”

“ಇನ್ನೂ ಸ್ವಲ್ಪ ಹೊಗೆ ಹಿಡಿಸಲಾ?”

ಮುಖ ಇನ್ನಷ್ಟು ಬೆಳಗಿತು. “ಹಿಡಿಸಬಹುದು,” ಎಂದಳು.

ಮರುದಿನ ಹೊತ್ತಿರುವಾಗಲೇ ಬೀದಿಗೆ ಬೀದಿಯೇ ಬಂದು ಸೇರಿತು. ನಿವೃತ್ತ ಹೆಡ್‌ಮಾಸ್ತರರು ಕಿಟಕಿ ಪಕ್ಕದ ಕುರ್ಚಿ ಹಿಡಿದರು. ಔಷಧಿ ಅಂಗಡಿಯವರು ಹೆಂಡತಿಯೊಂದಿಗೆ ಬಂದರು. ಅಕ್ಕ ತಾನು ಹೊಲಿದ ಪರದೆಯನ್ನು ಬಂದವರಿಗೆಲ್ಲ ಮುಟ್ಟಿಸಿ ತೋರಿಸಿದಳು. ಹುರಿದ ಆಲೂಗಡ್ಡೆ ತಟ್ಟೆಗಳು ಕ್ಷಣದಲ್ಲಿ ಖಾಲಿಯಾದವು. ಆಮೇಲೆ ಹೊಂಬಣ್ಣದ ಗ್ಲಾಸುಗಳು ಬಂದವು.

ಹೆಡ್‌ಮಾಸ್ತರರು ಒಂದು ಗುಟುಕು ಕುಡಿದು ಗ್ಲಾಸನ್ನು ದೂರ ಹಿಡಿದು ನೋಡಿದರು. “ಬೇಜಾರು ಮಾಡ್ಕೋಬೇಡಪ್ಪ. ಹಲ್ಲಿನ ಡಾಕ್ಟರ ಕುರ್ಚಿ ಮೇಲೆ ಬಾಯಿ ತೆರೆದು ಕೂತ ಹಾಗಾಯ್ತು.”

“ಇದನ್ನೇ ನಾನು ಸಣ್ಣ ಬಾಟಲಿಯಲ್ಲಿ ಮಾರ್ತೀನಿ ಸರ್,” ಎಂದರು ಔಷಧಿ ಅಂಗಡಿಯವರು. “ಹತ್ತಿ ಅದ್ದಿ ಹಲ್ಲಿಗೆ ಇಟ್ಕೋಬೇಕು, ಕುಡಿಯೋದಲ್ಲ.”

ನಗು ಮೇಜಿನಿಂದ ಮೇಜಿಗೆ ದಾಟಿತು. ಅಕ್ಕ ಮರ್ಯಾದೆಗೆ ಎರಡು ಗುಟುಕು ಕುಡಿದು ಕಣ್ಣಲ್ಲಿ ನೀರು ತಂದುಕೊಂಡಳು. ಯಾರೂ ಕೆಟ್ಟ ಮಾತಾಡಲಿಲ್ಲ. ಒಬ್ಬೊಬ್ಬರೇ ಬೆನ್ನು ತಟ್ಟಿ, ನಿಧಾನಕ್ಕೆ ಸರಿಹೋಗುತ್ತೆ ಎಂದು ಹೊರಟರು. ಹೊರಗೆ ಇನ್ನೂ ಬೆಳಕಿತ್ತು. ಕೌಂಟರಿನ ಮೇಲೆ ತುಂಬಿದ ಗ್ಲಾಸುಗಳು ಸಾಲಾಗಿ ನಿಂತಿದ್ದವು.

ಅವಳೊಬ್ಬಳೇ ಉಳಿದಳು.

“ಹಳೇ ಬಾಯಿಗಳಿಗೆ ಹಿಡಿಸಲಿಲ್ಲವೇನೋ,” ಎಂದ ಅವನು. ಆಮೇಲೆ ಒಂದು ಗ್ಲಾಸು ಎತ್ತಿ ಅವಳ ಕಡೆ ತಿರುಗಿದ. “ನಿಮಗೆ ಗೊತ್ತಾಗಿರಬೇಕಲ್ಲ. ಸುಮ್ಮನೆ ನನಗೆ ಬೇಜಾರಾಗಬಾರದು ಅಂತ ಹೇಳಿದ್ರಾ?”

“ನನಗೆ ವಾಸನೆ ಬರಲ್ಲ,” ಎಂದಳು.

ಹೇಳಿ ಮುಗಿದ ಮೇಲೆ ಉಳಿದದ್ದೆಲ್ಲ ತಾನೇ ಬಂತು. ಜ್ವರ, ಡಾಕ್ಟರು, ಪಕ್ಕದ ಕುರ್ಚಿಯವರು. ಅವನು ಒರೆಸುವ ಬಟ್ಟೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

“ಹಾಗಾದ್ರೆ ಇಷ್ಟು ದಿನ ಹೇಗೆ ಹೇಳಿದ್ರಿ?”

“ನಿಮ್ಮ ಮುಖ ನೋಡಿ. ನಿಮಗೆ ಹಿಡಿಸಿದ್ದು ಮುಖದಲ್ಲಿ ಗೊತ್ತಾಗುತ್ತೆ. ನಿನ್ನೆ ಮುಖ ಅಷ್ಟು ಬೆಳಗಿತ್ತು, ಅದಕ್ಕೇ...”

“ನಿನ್ನೆ ಬೆಳಗಿದ್ದು ಡ್ರಿಂಕಿಗಲ್ಲ.” ಅವನ ದನಿ ತಗ್ಗಿತ್ತು. “ನೀವು ನೋಡ್ತಿದ್ರಲ್ಲ, ಅದಕ್ಕೆ.”

ಫ್ರಿಜ್ಜು ಗೊರಕೆ ಹೊಡೆಯಿತು. ಇಬ್ಬರಿಗೂ ನಗು ಬರಬಹುದಿತ್ತು, ಬರಲಿಲ್ಲ.

“ಪರವಾಗಿಲ್ಲ ಬಿಡಿ,” ಎಂದ. “ನೀವು ಕೆಲಸಕ್ಕೆ ನೋಡ್ತಿದ್ರಿ, ನಾನು ಬೇರೆ ಏನೋ ಅಂದ್ಕೊಂಡೆ. ತಪ್ಪು ನಂದೇ.”

ಅಲ್ಲ, ಕೆಲಸಕ್ಕಷ್ಟೇ ಅಲ್ಲ, ಎನ್ನಬೇಕೆನಿಸಿತು. ಇಷ್ಟು ದಿನ ಅವನಿಗೆ ಹಿತವಾದದ್ದನ್ನೇ ಹೇಳಿದವಳು ಈಗ ಹಿತವಾದ ಇನ್ನೊಂದು ಮಾತು ಹೇಳಿದರೆ ಅವನು ಯಾಕೆ ನಂಬಬೇಕು? ಚೀಲ ಹೆಗಲಿಗೆ ಹಾಕಿಕೊಂಡು ಹೊರಬಂದಳು. ಬೀದಿ ದಾಟಿ ಮನೆ ಮುಟ್ಟಿದವಳೇ ಅಕ್ಕನ ಮುಂದೆ ಬಾಯಿಬಿಟ್ಟಳು.

“ಜ್ವರ ಬಂದಾಗಲೇ ಹೇಳೋಕೆ ಏನಾಗಿತ್ತು ನಿನಗೆ?” ಎಂದಳು ಅಕ್ಕ, ಎಲ್ಲ ಕೇಳಿ. ಬೈಯಲು ಬಾಯಿ ತೆರೆದವಳು ತಂಗಿಯ ಮುಖ ಕಂಡು ಪಕ್ಕದಲ್ಲಿ ಕೂತಳು. “ಮೊನ್ನೆ ಅನ್ನ ತಳ ಹಿಡಿದಾಗ ಸುಮ್ಮನೆ ತಿಂದೆಯಲ್ಲೇ. ನಾನು ನಿನಗೆ ನನ್ನ ಮೇಲೆ ಎಷ್ಟು ಪ್ರೀತಿ ಅಂದ್ಕೊಂಡಿದ್ದೆ.”

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

ಸೋಮವಾರ ಕಾರ್ಖಾನೆಯಲ್ಲೂ ಹೇಳಿದಳು. ಮೇಲ್ವಿಚಾರಕಿ ಬಹಳ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸಿದರು. ಕೊನೆಗೆ ಅವಳನ್ನು ಗರಿಗರಿ ನೋಡುವ ಮೇಜಿಗೆ ಹಾಕಿದರು. ಅಲ್ಲಿ ಬಿಸ್ಕತ್ ಮುರಿಯುವ ಸದ್ದು ಕೇಳಿದರೆ ಸಾಕು, ಮೂಗು ಬೇಕಿಲ್ಲ. ಸಂಬಳ ಒಂದಿಷ್ಟು ಇಳಿಯಿತು. ದಿನವೆಲ್ಲ ಕಿವಿಯ ಹತ್ತಿರ ಬಿಸ್ಕತ್ ಹಿಡಿದು ಮುರಿದಳು. ಸಂಜೆ ಬಸ್ಸಿನಲ್ಲಿ ಕೂತಾಗ ದವಡೆ ನೋಯುತ್ತಿಲ್ಲ ಎಂಬುದು ಗಮನಕ್ಕೆ ಬಂತು. ಬಸ್ಸಿಳಿದು ಮನೆಯ ಕಡೆ ತಿರುಗದೆ ಬಾರಿನ ಬಾಗಿಲು ತಳ್ಳಿದಳು.

ಗಿರಾಕಿಗಳಿರಲಿಲ್ಲ. ಅವನು ಲವಂಗದ ಹೊಗೆ ಹಿಡಿಸಿದ ಅನಾನಸ್ ಪಾಕವನ್ನೆಲ್ಲ ಸಿಂಕಿಗೆ ಸುರಿದು ಪಾತ್ರೆ ಉಜ್ಜುತ್ತಿದ್ದ. ಕಣ್ಣ ಕೆಳಗೆ ಕಪ್ಪು.

“ಇನ್ನೊಂದು ಸಲ ಕೊಡ್ತೀರಾ?” ಎಂದಳು.

“ರುಚಿ ಗೊತ್ತಾಗಲ್ಲ ಅಂದ್ರಲ್ಲ.”

“ಗೊತ್ತಾಗೋದಷ್ಟು ಹೇಳ್ತೀನಿ.”

ಅವನು ಸ್ವಲ್ಪ ಹೊತ್ತು ಅವಳನ್ನೇ ನೋಡಿದ. ಕೈ ಒರೆಸಿಕೊಂಡು ಏನನ್ನೋ ಬೆರೆಸಿ, ಕುಲುಕಿ, ಸೋಸಿ, ಗ್ಲಾಸು ಮುಂದಿಟ್ಟ. ಆಮೇಲೆ ಅವಳಿಗೆ ಬೆನ್ನು ಹಾಕಿ ಗೋಡೆಯ ಕಡೆ ತಿರುಗಿ ನಿಂತ.

“ಈಗ ಹೇಳಿ.”

ಅವಳು ಕುಡಿದಳು. ಅವನ ಅಂಗಿಯ ಬೆನ್ನು ಬೆವರಿಗೆ ಅಂಟಿತ್ತು. ಅದರಿಂದ ಏನೂ ತಿಳಿಯುವಂತಿರಲಿಲ್ಲ.

“ತಣ್ಣಗಿದೆ. ಹುಳಿ ಮೊದಲು ಬರುತ್ತೆ, ಉಪ್ಪು ಆಮೇಲೆ. ಉಪ್ಪು ಚೂರು ಹೆಚ್ಚು. ಗುಳ್ಳೆ ನಾಲಿಗೆಗೆ ಚುಚ್ಚುತ್ತೆ. ಇಷ್ಟೇ. ಇದರಲ್ಲಿ ಏನು ಹಣ್ಣಿದೆ, ಏನು ಸೊಪ್ಪಿದೆ, ನನಗೆ ಗೊತ್ತಿಲ್ಲ. ಚೆನ್ನಾಗಿದೆಯೋ ಇಲ್ಲವೋ, ಅದೂ ಗೊತ್ತಿಲ್ಲ.”

“ಉಪ್ಪು ನನಗೂ ಹೆಚ್ಚು ಅನಿಸಿತ್ತು,” ಎಂದ ಅವನು ಗೋಡೆಗೆ. “ಇನ್ಮೇಲೆ ಹೀಗೇ ಮಾಡೋಣ. ನಾನು ಆ ಕಡೆ ತಿರುಗಿರ್ತೀನಿ. ನನ್ನ ಮುಖ ನೋಡೋ ಕಷ್ಟ ನಿಮಗಿಲ್ಲ.”

ಅವಳು ಗ್ಲಾಸನ್ನು ಪಕ್ಕಕ್ಕೆ ಸರಿಸಿದಳು.

“ತಿರುಗಿ,” ಎಂದಳು.

“ಯಾಕೆ?”

“ನೋಡಬೇಕು.”

“ರುಚಿ ಹೇಳಿಬಿಟ್ರಲ್ಲ.”

“ಹೌದು. ಆ ಕೆಲಸ ಮುಗೀತು.” ಸ್ಟೂಲನ್ನು ಕೌಂಟರಿನ ಹತ್ತಿರಕ್ಕೆ ಎಳೆದುಕೊಂಡಳು. “ಈಗ ಸುಮ್ಮನೆ.”

ಅವನು ತಕ್ಷಣ ತಿರುಗಲಿಲ್ಲ. ಬೆನ್ನು ಒಮ್ಮೆ ಏರಿ ಇಳಿಯಿತು. ಆಮೇಲೆ ನಿಧಾನಕ್ಕೆ, ಯಾರೋ ಹಿಡಿದು ತಿರುಗಿಸಿದ ಹಾಗೆ, ಈ ಕಡೆಗಾದ. ಮುಖದಲ್ಲಿ ಬೆಳಕೂ ಇರಲಿಲ್ಲ, ನಗುವೂ ಇರಲಿಲ್ಲ. ದಣಿವಿತ್ತು, ಎರಡು ದಿನದ ಗಡ್ಡವಿತ್ತು, ನಂಬಲೋ ಬೇಡವೋ ಎಂಬ ಹೆದರಿಕೆಯಿತ್ತು. ಅದರಿಂದ ಅವಳಿಗೆ ತಿಳಿಯಬೇಕಾದದ್ದು ಯಾವುದೂ ಇರಲಿಲ್ಲ. ಗಲ್ಲಕ್ಕೆ ಕೈಕೊಟ್ಟು ಕೂತು ನೋಡಿದಳು. ಅವನು ಕಣ್ಣು ತಗ್ಗಿಸಿದ, ಮತ್ತೆ ಎತ್ತಿದ. ಅವಳು ಇನ್ನೂ ನೋಡುತ್ತಲೇ ಇದ್ದಳು.