ಇಪ್ಪತ್ತರ ಪಕ್ಕದ ಇಪ್ಪತ್ತೈದು

ಹಬ್ಬದ ವಾರದ ಮೊದಲ ದಿನ ಬೆಳಿಗ್ಗೆ ಲಾವಿನಿಯಾ ದ್ವೀಪದ ಊರಾದ ನುಕುಅಲೋಫಾದ ಹಳೆಯ ಸಭಾಭವನಕ್ಕೆ ಬಂದದ್ದು ಅಮ್ಮನ ಕೈಬರಹ ನೋಡುವುದಕ್ಕೆ. ಅಮ್ಮ ತೀರಿಕೊಂಡು ತಿಂಗಳಾಗಿತ್ತಷ್ಟೆ. ಕಪ್ಪು ಬಟ್ಟೆಯ ಮೇಲೆ ಸೊಂಟಕ್ಕೆ ಸುತ್ತಿದ ಸೂತಕದ ಚಾಪೆಯನ್ನು ಅವಳು ಇನ್ನೂ ಬಿಚ್ಚಿರಲಿಲ್ಲ.

ನಲವತ್ತು ವರ್ಷಗಳ ಹಿಂದೆ ಅಮ್ಮನೂ ಸೇರಿ ಹನ್ನೆರಡು ಹೆಂಗಸರು ಮರದ ತೊಗಟೆ ಬಡಿದು ಬಡಿದು ಒಂದು ದೊಡ್ಡ ನಾರುಬಟ್ಟೆ ಮಾಡಿದ್ದರು. ನಲವತ್ತೆಂಟು ಅಂಕಣದ ಬಟ್ಟೆ. ತಲಾ ನಾಲ್ಕು ಅಂಕಣ ಬಡಿದು, ಬಣ್ಣ ಹಚ್ಚಿ, ಅಂಚಿನಲ್ಲಿ ತಮ್ಮ ಅಂಕಣಗಳ ಸಂಖ್ಯೆಯನ್ನು ತಾವೇ ಬರೆದಿದ್ದರು. ಅಮ್ಮ ಬರೆಯುತ್ತಿದ್ದ ಎರಡಕ್ಕೆ ಹಂದಿಮರಿಯ ಬಾಲದಂಥ ಸುರುಳಿಯೊಂದು ಇರುತ್ತಿತ್ತು. ಚಿಕ್ಕಂದಿನಲ್ಲಿ ಹಬ್ಬ ಬಂತೆಂದರೆ ಲಾವಿನಿಯಾ ಆ ಬಾಲವನ್ನು ಬೆರಳಲ್ಲಿ ತೀಡಿ ಬಂದೇ ಹಾಡಿಗೆ ನಿಲ್ಲುತ್ತಿದ್ದಳು. ಆಗ ಯಾವ ಬೀದಿಯಲ್ಲಿ ನಡೆದರೂ ಹಿತ್ತಲುಗಳಿಂದ ತೊಗಟೆ ಬಡಿಯುವ ಸದ್ದು ಕೇಳುತ್ತಿತ್ತು. ಈಗ ಆ ಸದ್ದು ಅಪರೂಪ.

ಭವನದ ಚಾವಣಿ ಸೋರುತ್ತದೆಂದು ಹತ್ತು ವರ್ಷ ಸುರುಳಿ ಸುತ್ತಿಟ್ಟಿದ್ದ ಬಟ್ಟೆಯನ್ನು ಈ ಸಲ ಮತ್ತೆ ತೂಗುಹಾಕಿದ್ದರು. ಬಾಗಿಲಿನಿಂದ ವೇದಿಕೆಯವರೆಗೆ ಇಡೀ ಗೋಡೆ ತುಂಬುತ್ತಿದ್ದ ಬಟ್ಟೆ ಇಂದು ಅರ್ಧ ಗೋಡೆ ದಾಟಿದ್ದೇ ಮುಗಿದುಹೋಗಿತ್ತು.

ಅದರ ಕೆಳಗೆ ಹಬ್ಬದ ಸಮಿತಿಯ ಅಧ್ಯಕ್ಷ ಫೆಹೋಕೊ ಕೆಂಡವಾಗಿ ನಿಂತಿದ್ದ. ಎದುರಿಗೆ ಮೂವತ್ತು ವರ್ಷಗಳಿಂದ ಭವನದ ಬೀಗದ ಕೈ ಇಟ್ಟುಕೊಂಡಿರುವ ಎನಿಸಿ ಎಂಬಾತ ತಲೆ ತಗ್ಗಿಸಿದ್ದ.

"ಹೋದ ತಿಂಗಳು ಆಕ್ಲೆಂಡಿನಿಂದ ಹಳೇ ಸಾಮಾನು ಕೊಳ್ಳೋನು ಬಂದಿದ್ದ. ನಿನ್ನ ಜೊತೆ ಕೂತು ಎರಡು ದಿನ ಕಾವಾ ಬೇರಿನ ರಸ ಕುಡಿದ. ಈಗ ಬಟ್ಟೆ ಅರ್ಧ ಇಲ್ಲ. ನಾನೇನು ತಿಳ್ಕೋಬೇಕು ಹೇಳು."

"ಏನು ಬೇಕಾದ್ರೂ ತಿಳ್ಕೊಳ್ಳಿ," ಎಂದ ಎನಿಸಿ.

"ಐದು ಗಂಟೆಗೆ ಬಾಗಿಲು ತೆಗೀಬೇಕು. ಅಷ್ಟರೊಳಗೆ ಗೊತ್ತಾಗ್ಲಿಲ್ಲ ಅಂದ್ರೆ ಊರವರ ಎದುರಿಗೇ ಬೀಗದ ಕೈ ಗೊಂಚಲು ಇಟ್ಟು ಪೊಲೀಸರ ಜೊತೆ ನಡಿ."

ಲಾವಿನಿಯಾ ಅಂಚಿನ ಉದ್ದಕ್ಕೂ ಬಾಲದ ಎರಡನ್ನು ಹುಡುಕಿದಳು. ಎಲ್ಲೂ ಇರಲಿಲ್ಲ. ಅಮ್ಮ ಎರಡನೆಯ ಸಲ ಸತ್ತಂತಾಯಿತು ಅವಳಿಗೆ. ಒಂದು ಗಳಿಗೆ ಎನಿಸಿಯ ಮೇಲೆ ಅವಳಿಗೂ ಸಿಟ್ಟು ಬಂತು. ಆದರೆ ಮಳೆಗಾಲದಲ್ಲಿ ಶಾಲೆಯ ಮಕ್ಕಳನ್ನೆಲ್ಲ ಈ ಜಗಲಿಯಲ್ಲಿ ಕೂರಿಸಿ ಸುಟ್ಟ ಗೆಣಸು ಹಂಚುತ್ತಿದ್ದವನು ಅವನೇ. ಅವಳು ಸೀದಾ ಅತ್ತೆಯ ಮನೆಗೆ ನಡೆದಳು.

ಲೋಸಲೀನಿ ಅತ್ತೆ ಅಪ್ಪನ ಅಕ್ಕ. ಆ ಊರಿನಲ್ಲಿ ಅಪ್ಪನ ಅಕ್ಕ ಕೂತ ಕಡೆ ಉಳಿದವರು ದನಿ ತಗ್ಗಿಸಬೇಕು, ಅದರ ಮೇಲೆ ಅತ್ತೆ ನಲವತ್ತು ವರ್ಷ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತವಳು. ಯಾರ ಮನೆಯಿಂದ ಯಾರಿಗೆ ಏನು ಹೋಯಿತೆಂಬುದು ಅವಳ ನಾಲಿಗೆಯ ತುದಿಯಲ್ಲಿತ್ತು. ಬ್ಯಾಂಡಿನವರ ತುತ್ತೂರಿ, ಪಾದ್ರಿಯ ಹಂದಿ, ಹೀಗೆ ಊರಲ್ಲಿ ಏನೇ ಕಾಣೆಯಾದರೂ ಜನ ಮೊದಲು ಬರುತ್ತಿದ್ದುದು ಅವಳ ಬಳಿಗೆ. ಚೀಲ, ಕೊಡೆ ಹಿಡಿದು ಹಿಂದೆ ಹೋಗುವುದು ಲಾವಿನಿಯಾಳ ಕೆಲಸ.

"ಅಳೋದಾದ್ರೆ ಇಲ್ಲೇ ಅತ್ತು ಮುಗಿಸು," ಎಂದಳು ಅತ್ತೆ, ಸೊಸೆಯ ಬೆನ್ನು ಸವರುತ್ತಾ. "ಅಲ್ಲಿ ಕಣ್ಣು ಬೇಕಾಗ್ತವೆ."

ಅವರಿಬ್ಬರೂ ಭವನಕ್ಕೆ ಬರುವಾಗ ಹೊರಗೆ ಬ್ಯಾಂಡಿನವರ ತಾಲೀಮು ನಡೆದಿತ್ತು. ಒಳಗೆ ಮುದುಕಿ ಕಲೋಲೈನಿ ಬೆಂಚಿನ ಮೇಲೆ ಕೂತು ಹೂ ಕಟ್ಟುತ್ತಿದ್ದಳು. ಶುಕ್ರವಾರಗಳಂದು ಭವನ ಗುಡಿಸಿ ಹೂ ಇಡುವವಳು ಅವಳೇ. ಆ ಹನ್ನೆರಡು ಜನರಲ್ಲಿ ಊರಲ್ಲಿ ಉಳಿದವಳು ಅವಳೊಬ್ಬಳು. ಬದುಕಿರುವ ಬೇರೆ ಆರು ಮಂದಿ ಮಕ್ಕಳ ಜೊತೆ ಆಕ್ಲೆಂಡು, ಸಿಡ್ನಿ ಸೇರಿದ್ದರು. ಅಮ್ಮನನ್ನು ಮಣ್ಣು ಮಾಡಿದ ದಿನ ಮೊದಲು ಬಂದವಳೂ ಅವಳೇ. ಮಡಿಸಿದ ಬಟ್ಟೆಯೊಂದನ್ನು ಅಮ್ಮನ ಕೆಳಗೆ ಹಾಸಿ, ಕೆನ್ನೆಗೆ ಕೆನ್ನೆ ಒತ್ತಿ ಹೋಗಿದ್ದಳು. ಆ ದಿನ ಎಷ್ಟೋ ಜನ ಎಷ್ಟೋ ಬಟ್ಟೆ, ಚಾಪೆ ತಂದಿದ್ದರು. ಲಾವಿನಿಯಾ ಯಾವುದನ್ನೂ ಬಿಡಿಸಿ ನೋಡಿರಲಿಲ್ಲ.

ಅತ್ತೆ ಬಟ್ಟೆಯ ಅಂಚಿನಗುಂಟ ನಡೆದಳು. "ಸಂಖ್ಯೆ ಓದ್ತಾ ಬಾ," ಎಂದಳು.

"ಒಂದು, ಎರಡು, ಮೂರು, ನಾಲ್ಕು... ಒಂಬತ್ತು." ಲಾವಿನಿಯಾ ನಿಂತಳು. "ಅತ್ತೆ, ಮಧ್ಯದ ನಾಲ್ಕು ಇಲ್ಲ."

"ಓದು."

ಹನ್ನೆರಡಾದ ಮೇಲೆ ಹದಿನೇಳು ಬಂತು. ಇಪ್ಪತ್ತರ ಪಕ್ಕ ಇಪ್ಪತ್ತೈದು. ಮೂವತ್ತೆರಡರ ಪಕ್ಕ ಮೂವತ್ತೇಳು, ನಲವತ್ತರ ಪಕ್ಕ ನಲವತ್ತೈದು. ಕೊನೆಯಲ್ಲಿ ನಲವತ್ತೆಂಟು ತನ್ನ ಜಾಗದಲ್ಲೇ ಇತ್ತು. ಐದು ಕಡೆ ನಾಲ್ಕು ನಾಲ್ಕು ಅಂಕಣ ಮಾಯವಾಗಿದ್ದವು. ಬಣ್ಣದ ಗೆರೆಗೆ ಗೆರೆ ಕೂಡಿಸಿ ಬೆಸೆದದ್ದರಿಂದ ದೂರಕ್ಕೆ ಗೊತ್ತಾಗುತ್ತಿರಲಿಲ್ಲ.

ಅತ್ತೆ ಐದೂ ಬೆಸುಗೆಗಳನ್ನು ಮೂಸಿದಳು. ಇಪ್ಪತ್ತರ ಬಳಿ ಉಗುರಿನಿಂದ ಮೆಲ್ಲಗೆ ಕೆರೆದು ಬೆರಳು ತೋರಿಸಿದಳು. ಅಂಟು ಇನ್ನೂ ಬೆಳ್ಳಗಿತ್ತು. ಉಳಿದ ನಾಲ್ಕರಲ್ಲಿ ಅದು ಕಂದು ಬಣ್ಣಕ್ಕೆ ತಿರುಗಿತ್ತು, ಒಂದರಲ್ಲಂತೂ ಬಟ್ಟೆಯ ಬಣ್ಣವೇ ಆಗಿಹೋಗಿತ್ತು.

"ಎನಿಸಿ, ನಿನ್ನೆ ಇದನ್ನ ಉಗ್ರಾಣದಿಂದ ತಂದವರು ಯಾರು?"

"ನಾನೇ."

"ಜೊತೆಗೆ?"

"ಯಾರೂ ಇರಲಿಲ್ಲ. ಹೆಗಲ ಮೇಲೆ ಹಾಕ್ಕೊಂಡು ಬಂದೆ."

"ಹತ್ತು ವರ್ಷದ ಹಿಂದೆ ಇದನ್ನ ಹೊತ್ತೋರು ನಾಲ್ಕು ಜನ. ನಿನಗೀಗ ಅರವತ್ತು ದಾಟಿದೆ ಕಣಪ್ಪ."

ಎನಿಸಿಯ ಕಣ್ಣು ಒಮ್ಮೆ ಬೆಂಚಿನ ಕಡೆ ಹೋಗಿ ಬಂದದ್ದನ್ನು ಲಾವಿನಿಯಾ ಕಂಡಳು. ಅತ್ತೆಯೂ ಕಂಡಳು.

"ಮೂರು ಗಂಟೆಗೆ ಎಲ್ಲರೂ ಇಲ್ಲೇ ಸೇರಿ," ಎಂದಳು ಅತ್ತೆ. "ನಾನು ಅಂಚೆ ಕಚೇರಿಗೆ ಹೋಗಿ ಹಳೇ ಪುಸ್ತಕ ನೋಡಿ ಬರ್ತೀನಿ."

ಮೂರಕ್ಕೆ ಎಲ್ಲರೂ ನೆಲದ ಚಾಪೆಯ ಮೇಲೆ ಕೂತರು. ಅತ್ತೆಗೆ ಮಾತ್ರ ಕುರ್ಚಿ. ಫೆಹೋಕೊ ಗಡಿಯಾರ ನೋಡಿಕೊಳ್ಳುತ್ತಿದ್ದ.

"ಮಾರೋಕೆ ಕದಿಯೋನು ಇಡೀ ಬಟ್ಟೆ ಹೊತ್ಕೊಂಡು ಹೋಗ್ತಾನೆ, ಇಲ್ಲ ತುದಿ ಕತ್ತರಿಸ್ತಾನೆ," ಎಂದು ಅತ್ತೆ ಶುರುಮಾಡಿದಳು. "ಇಲ್ಲಿ ಎರಡು ತುದಿನೂ ಹಾಗೇ ಇವೆ, ಹೋಗಿರೋದು ನಡುವಿನದು. ಅದೂ ಒಂದೇ ಸಲ ಹೋಗಿಲ್ಲ. ಐದು ಬೆಸುಗೆಗೂ ವಯಸ್ಸು ಬೇರೆ ಬೇರೆ. ಆಕ್ಲೆಂಡಿನೋನು ಬಂದಿದ್ದು ಒಂದೇ ಸಲ, ಅವನನ್ನ ಬಿಟ್ಟುಬಿಡು."

"ಹಾಗಾದ್ರೆ ಯಾರು?"

"ತಡಿ. ಈಗಿನೋರು ಅಂಗಡಿ ಗೋಧಿಹಿಟ್ಟು ಕಲಸಿ ಅಂಟಿಸ್ತಾರೆ. ಇದು ಅರೆಬೆಂದ ಗೆಡ್ಡೆ ಅಂಟು. ಊರಲ್ಲಿ ಇನ್ನೂ ಅಂಟಿಗೆ ಅಂತ ಗೆಡ್ಡೆ ಬೇಯಿಸೋ ಒಲೆ ಒಂದೇ ಇದೆ. ಇಷ್ಟು ಚೆನ್ನಾಗಿ ಬೆಸೆದೋರಿಗೆ ಸಂಖ್ಯೆ ತಿದ್ದಿ ಬರೆಯೋದು ಯಾವ ಲೆಕ್ಕ? ಒಂದರಿಂದ ಇಪ್ಪತ್ತೆಂಟು ಅಂತ ಬರೆದಿದ್ರೆ ನಾವು ಇವತ್ತಿಗೂ ತಲೆ ಕೆರ್ಕೊಳ್ತಾ ಇರ್ತಿದ್ವಿ. ಬರೀಲಿಲ್ಲ. ಆ ಸಂಖ್ಯೆಗಳು ಗೆಳತಿಯರ ಕೈಬರಹ. ಅದನ್ನ ಅಳಿಸೋಕೆ ಆ ಜೀವಕ್ಕೆ ಮನಸ್ಸು ಬರಲಿಲ್ಲ."

ಹೂ ಕಟ್ಟುತ್ತಿದ್ದ ಕಲೋಲೈನಿಯ ಕೈ ನಿಂತಿತು.

"ಹನ್ನೆರಡು ಜನರಲ್ಲಿ ಈ ಹತ್ತು ವರ್ಷದಲ್ಲಿ ತೀರಿಹೋದೋರು ಐದು. ಹೋಗಿರೋ ಜಾಗನೂ ಐದು. ಇಬ್ಬರು ತೀರಿದ್ದು ಆಕ್ಲೆಂಡಲ್ಲಿ. ಎರಡು ಸಲನೂ ಮಾರನೇ ದಿನವೇ ಇಲ್ಲಿಂದ ಒಂದು ಪಾರ್ಸೆಲ್ ವಿಮಾನದಲ್ಲಿ ಹೋಗಿದೆ. ‘ಹಳೇ ಬಟ್ಟೆ’ ಅಂತ ಬರೆಸಿದಾರೆ. ಒಂದಕ್ಕೆ ಮುದ್ರೆ ಒತ್ತಿದೋಳು ನಾನೇ. ಉಳಿದ ಮೂರು ಈ ಊರಿನ ಮಣ್ಣಲ್ಲೇ ಇವೆ. ನಾನು ತಪ್ಪಾಗಿ ಹೇಳ್ತಿದ್ರೆ ತಿದ್ದು, ಕಲೋಲೈನಿ."

ಮುದುಕಿ ಹೂಬುಟ್ಟಿ ಪಕ್ಕಕ್ಕಿಟ್ಟಳು. "ತಿದ್ದೋಕೆ ಏನೂ ಇಲ್ಲ. ಬಡೀತಾ ಕೂತಿದ್ದಾಗ್ಲೇ ಮಾತಾಡ್ಕೊಂಡಿದ್ವಿ, ಹೋಗೋವಾಗ ಅವರವರ ನಾಲ್ಕು ಅಂಕಣ ಹಾಸ್ಕೊಂಡು ಹೋಗೋಣ ಅಂತ. ಅಷ್ಟರಲ್ಲಿ ಊರ ದೊಡ್ಡೋರು ಬಂದು ಹೊಸ ಭವನಕ್ಕೆ ಬಟ್ಟೆ ಕೊಡಿ ಅಂದ್ರು. ಇಲ್ಲ ಅನ್ನೋಕಾಗತ್ತಾ? ಕೊಟ್ವಿ. ಕೊಟ್ಟಿದ್ದನ್ನ ವಾಪಸ್ ಕೇಳೋದು ನಮ್ಮಲ್ಲಿ ಉಂಟಾ? ಸತ್ರೂ ಕೇಳ್ತಿರಲಿಲ್ಲ." ಆಮೇಲೆ ಮೆಲ್ಲಗೆ ಸೇರಿಸಿದಳು, "ಕೇಳೋಕಾಗಲ್ಲ ಅಂತ ಕದ್ದೆ."

"ಎನಿಸಿಗೆ ಗೊತ್ತಿತ್ತು," ಎಂದಳು ಅತ್ತೆ. "ಸುರುಳಿ ಹಗುರಾಗ್ತಾ ಇರೋದು ಹೊರೋನಿಗೆ ಗೊತ್ತಾಗದೆ ಇರತ್ತಾ? ಮೂವತ್ತಮೂರರಿಂದ ಮೂವತ್ತಾರು ಅವನ ಅಕ್ಕಂದು. ಬಾಯಿ ಬಿಟ್ರೆ ಕಲೋಲೈನಿ ಹೆಸರು ಬೀದಿಗೆ ಬರತ್ತೆ ಅಂತ ತನ್ನ ಹೆಸರು ಕೆಡಿಸ್ಕೊಳ್ಳೋಕೆ ನಿಂತಿದ್ದ."

"ನಾನು ಬರೀ ಅಂಥ ಸುದ್ದಿ ಬಂದ ದಿನ ಉಗ್ರಾಣದ ಬಾಗಿಲು ತೆಗೆದು ಬ್ಯಾಂಡ್ ಕೇಳೋಕೆ ಹೋಗ್ತಿದ್ದೆ," ಎಂದ ಎನಿಸಿ, ತಪ್ಪೊಪ್ಪಿಕೊಳ್ಳುವ ದನಿಯಲ್ಲಿ.

ಫೆಹೋಕೊ ಏನೋ ಹೇಳಲು ಬಾಯಿ ತೆರೆದ. ಅತ್ತೆ ಕೈ ಎತ್ತಿದಳು.

"ಹದಿಮೂರರಿಂದ ಹದಿನಾರು ಯಾರದ್ದು ಅಂತ ನೆನಪು ಮಾಡ್ಕೋ, ಫೆಹೋಕೊ."

ಅವನು ಎದ್ದು ಬಟ್ಟೆಯ ಕಡೆ ತಿರುಗಿದ. ಹನ್ನೆರಡಕ್ಕೂ ಹದಿನೇಳಕ್ಕೂ ನಡುವಿನ ಆ ಸಣ್ಣ ಗೆರೆಯನ್ನು ನೋಡುತ್ತಾ ನಿಂತ. "ಅಮ್ಮಂದು," ಎಂದ. "ಪೆಟ್ಟಿಗೆ ಮುಚ್ಚಿದೋನು ನಾನೇ. ಕೆಳಗಿದ್ದಿದ್ದನ್ನ ನೋಡ್ಲಿಲ್ಲ."

ಲಾವಿನಿಯಾಳಿಗೆ ಆಗ ಎಲ್ಲ ಒಟ್ಟಿಗೇ ತಿಳಿಯಿತು. ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ಮೂರು, ಇಪ್ಪತ್ನಾಲ್ಕು. ಬಾಲದ ಎರಡುಗಳು ಯಾರ ಪಾಲೂ ಆಗಿರಲಿಲ್ಲ, ಅಮ್ಮನ ಬೆನ್ನ ಕೆಳಗೇ ಇದ್ದವು. ಬೆಳಗಿನಿಂದ ಹಿಡಿದಿಟ್ಟಿದ್ದ ಅಳು ಬಂತು. ಅತ್ತೆ ಈ ಸಲ ತಡೆಯಲಿಲ್ಲ.

ಫೆಹೋಕೊ ಎನಿಸಿಯ ಮುಂದೆ ತಲೆ ಬಾಗಿ ಕೂತ. ಆ ಊರಲ್ಲಿ ಅದಕ್ಕಿಂತ ದೊಡ್ಡ ಕ್ಷಮಾಪಣೆ ಇಲ್ಲ. ಎನಿಸಿ ಅವನ ಭುಜ ಹಿಡಿದೆಬ್ಬಿಸಿ, "ಟೈಮಾಯ್ತು, ಜನ ಬರ್ತಾರೆ," ಎಂದ.

"ಅರ್ಧ ಗೋಡೆ ಖಾಲಿ ಇದೆಯಲ್ಲ, ಏನು ಮಾಡೋದು?" ಎಂದ ಫೆಹೋಕೊ.

"ಬೆಸುಗೆ ಬಿಚ್ಚಿ," ಎಂದಳು ಲಾವಿನಿಯಾ ಕಣ್ಣೊರೆಸಿಕೊಂಡು. "ಒಂದೊಂದನ್ನೂ ಅದರದರ ಜಾಗದಲ್ಲೇ ತೂಗುಹಾಕೋಣ. ಇಲ್ಲದ್ದರ ಜಾಗ ಖಾಲಿನೇ ಇರ್ಲಿ."

ಕಲೋಲೈನಿ ಒದ್ದೆ ಬಟ್ಟೆಯಿಂದ ತನ್ನ ಬೆಸುಗೆಗಳನ್ನು ತಾನೇ ಬಿಚ್ಚಿದಳು. ಐದು ಗಂಟೆಗೆ ಬಾಗಿಲು ತೆರೆದಾಗ ಬಟ್ಟೆ ಮೊದಲಿನಂತೆ ಬಾಗಿಲಿನಿಂದ ವೇದಿಕೆಯವರೆಗೆ ಹಬ್ಬಿತ್ತು, ನಡುವೆ ಐದು ಕಡೆ ಬರಿಯ ಗೋಡೆ. ಹಬ್ಬಕ್ಕೆ ಬಂದವರು ಬಣ್ಣದ ಮುಂದೆ ನಿಂತದ್ದಕ್ಕಿಂತ ಹೆಚ್ಚು ಹೊತ್ತು ಆ ಬರಿಯ ಗೋಡೆಗಳ ಮುಂದೆ ನಿಂತರು. ಒಬ್ಬ ಮುದುಕ ತನ್ನ ಹೆಂಡತಿಯ ಜಾಗದಲ್ಲಿ ಹೂಮಾಲೆ ಇಟ್ಟು, ಅಲ್ಲೇ ಕೂತು ಹಾಡು ಕೇಳಿದ.

ಲಾವಿನಿಯಾ ಇಪ್ಪತ್ತರ ಪಕ್ಕದ ಗೋಡೆಯ ಮೇಲೆ ಬೆರಳಿನಿಂದ ಎರಡರ ಅಂಕಿಯೊಂದನ್ನು ಬರೆದಳು, ಬಾಲ ಸಮೇತ. ಬೆರಳಿಗೆ ಸುಣ್ಣ ಹತ್ತಿತು.

"ನನ್ನದು ನಲವತ್ತೈದರಿಂದ," ಎಂದಳು ಹಿಂದೆ ಬಂದು ನಿಂತ ಕಲೋಲೈನಿ. "ಕೊನೇದು. ನಾನು ಹೋದಾಗ ಅದನ್ನ ತೆಗೆಯೋಕೆ ಊರಲ್ಲಿ ಯಾರೂ ಇಲ್ಲ ಅಂತಿದ್ದೆ. ಗೆರೆ ಮೇಲೇ ಕತ್ತರಿಸಬೇಕು ಮಗಾ. ಕತ್ತರಿ ಎಲ್ಲಿದೆ ಅಂತ ಎನಿಸಿಗೆ ಗೊತ್ತು."

"ಮೊದಲು ಅಂಟು ಕಲಸೋದು ಹೇಳ್ಕೊಡಿ ಅಜ್ಜಿ. ಆಮೇಲೆ ತೊಗಟೆ ಬಡಿಯೋದು, ಬಣ್ಣ ಹಚ್ಚೋದು," ಎಂದಳು ಲಾವಿನಿಯಾ. "ನನಗೆ ಇದೆಲ್ಲ ತಲೆಗೆ ಹತ್ತೋದು ತುಂಬಾ ನಿಧಾನ. ಅಲ್ಲಿವರೆಗೆ ನೀವು ಎಲ್ಲಿಗೂ ಹೋಗೋ ಹಾಗಿಲ್ಲ."