ಗಾಂಠಿಯಾ ಎಣ್ಣೆಯ ನೊರೆ

ಆಗಸ್ಟ್ 25, ಬೆಳಿಗ್ಗೆ 7:40. ಧಾರಪುರ ಠಾಣೆಯಲ್ಲಿ ಇನ್‌ಸ್ಪೆಕ್ಟರ್ ವಜೇಸಿಂಗ್ ಗೋಹಿಲ್ ತಣ್ಣನೆಯ ಥೇಪ್ಲಾ ರೊಟ್ಟಿಯ ಡಬ್ಬಿ ತೆರೆದು ಕೂತಿದ್ದರು. ಅಂದು ಶೀತಳಾ ಸಾತಮ್ ಹಬ್ಬ. ಯಾರ ಮನೆಯಲ್ಲೂ ಒಲೆ ಹಚ್ಚುವಂತಿಲ್ಲ, ಹಿಂದಿನ ದಿನದ ತಿಂಡಿಯೇ ಗತಿ. ಅಷ್ಟರಲ್ಲಿ ಕೊಳಚೆ ನೀರು ಶುದ್ಧೀಕರಣ ಘಟಕದ ಎಂಜಿನಿಯರ್ ಧೋಲಕಿಯಾ ಏದುಸಿರು ಬಿಡುತ್ತಾ ಬಂದರು.

"ಸಾಹೇಬ್, ಗ್ಯಾಸ್ ಟ್ಯಾಂಕಿನ ಮುಚ್ಚಳ ಒಡೆದುಹೋಗಿದೆ. ಯಾರೋ ಬೇಕಂತಲೇ ಮಾಡಿದ್ದಾರೆ."

ಎಫ್‌ಐಆರ್ ದಾಖಲಾಯಿತು. 9:15ಕ್ಕೆ ಪಂಚನಾಮೆ. ಕೊಳಚೆಯ ಕೆಸರು ಕೊಳೆತು ಉರಿಯುವ ಅನಿಲ ಹುಟ್ಟುವ ಟ್ಯಾಂಕ್ ಅದು. ಒಳಗಿನಿಂದ ನೊರೆ ಉಕ್ಕಿ ಗೋಡೆಗುಂಟ ಇಳಿದಿತ್ತು. ಪಂಚರಿಬ್ಬರೂ ಮೂಗು ಹಿಡಿದುಕೊಂಡೇ ಸಹಿ ಹಾಕಿದರು. ಕಾನ್ಸ್‌ಟೇಬಲ್ ರಂಭಾಬೆನ್ ಮಾತ್ರ ನೊರೆಯನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ಕಡಲೆಕಾಯಿ ಎಣ್ಣೆ ಸಾಹೇಬ್. ಕಡಲೆಹಿಟ್ಟಿನ ಗಾಂಠಿಯಾ ಕರಿದು ಕರಿದು ಸತ್ತುಹೋಗಿರೋದು."

"ಚರಂಡಿಯಿಂದ ಬಂದಿರಬಹುದಲ್ಲ?"

"ಇಷ್ಟೊಂದಾ? ಊರಿಗೆ ಊರೇ ಎಣ್ಣೆ ಸ್ನಾನ ಮಾಡಿರಬೇಕು ಹಾಗಾದ್ರೆ!"

11:30. ಪೇಟೆಯ ಅಂಗಡಿಗಳೆಲ್ಲ ಬಂದ್. ಗಾಂಠಿಯಾ ವ್ಯಾಪಾರಿ ಜಯಂತಿಭಾಯ್ ಮನೆಯಲ್ಲೇ ಸಿಕ್ಕರು.

"ಹಳೇ ಎಣ್ಣೆ ಯಾರಿಗೆ ಕೊಡ್ತೀರಿ?"

"ಘಟಕದ ಮಾವಜಿಕಾಕಾ ಬಂದು ದಿನಾ ಒಂದು ಡಬ್ಬ ಒಯ್ತಾರೆ. ನಿನ್ನೆ ಆರು ಡಬ್ಬ ಕೊಟ್ಟೆ. ಸಾತಮ್‌ಗೆ ಅಂತ ಎಲ್ಲರೂ ಹಿಂದಿನ ದಿನವೇ ಕೊಂಡುಹೋಗ್ತಾರಲ್ಲ, ಕಡಾಯಿ ಇಳಿಸೋಕೇ ಆಗ್ಲಿಲ್ಲ."

ಮಾವಜಿ ಚಾವ್ಡಾ ಇಪ್ಪತ್ತೆರಡು ವರ್ಷದಿಂದ ಘಟಕದ ಆಪರೇಟರ್. ವಾಸ ಘಟಕದ ಎದುರಿನ ಕ್ವಾರ್ಟರ್ಸ್‌ನಲ್ಲೇ. ಪೊಲೀಸರನ್ನು ಕಂಡು ಓಡಲೂ ಇಲ್ಲ, ಸುಳ್ಳು ಹೇಳಲೂ ಇಲ್ಲ.

"ಎಣ್ಣೆ ಸುರಿದಿದ್ದು ನೀವಾ?"

"ಹೌದು. ಜಿಡ್ಡು ಬಿದ್ರೆ ಗ್ಯಾಸ್ ಜಾಸ್ತಿ ಬರುತ್ತೆ. ದಿನಕ್ಕೊಂದು ಡಬ್ಬಕ್ಕೆ ಏನೂ ಆಗ್ತಿರ್ಲಿಲ್ಲ. ಹಬ್ಬಕ್ಕೆ ನಂಗೆ ಎರಡು ದಿನ ರಜೆ. ಅಷ್ಟರಲ್ಲಿ ಗ್ಯಾಸ್ ಇಳಿದ್ರೆ ಅಂತ ಹೆದರಿ ಆರೂ ಸುರಿದುಬಿಟ್ಟೆ. ನೊರೆ ಉಕ್ಕಿ ಗ್ಯಾಸ್ ಹೋಗೋ ಕೊಳವೆ ಕಟ್ಟಿಕೊಂಡು ಮುಚ್ಚಳ ಒಡೀತು."

"ಇಳಿದ್ರೆ ನಿಮಗೇನು ಕಾಕಾ?"

ಮಾವಜಿ ಹೊರಗೆ ಕೈ ತೋರಿಸಿದ. "ಇಷ್ಟು ವರ್ಷ ಗ್ಯಾಸನ್ನ ಆ ಕೊಳವೆ ತುದೀಲಿ ಸುಮ್ನೆ ಉರಿಸಿ ಹಾಳು ಮಾಡಿದ್ರು. ಎದುರಿಗೇ ನಮ್ಮ ನಲವತ್ತು ಮನೆ ಹೆಂಗಸರು ಸೌದೆ ಊದಿ ಊದಿ ಕೆಮ್ತಾರೆ. ಒಂದು ತಿಂಗಳು ನೋಡ್ತೀವಿ, ಗ್ಯಾಸ್ ಕಮ್ಮಿಯಾಗದಿದ್ರೆ ಮನೆಮನೆಗೂ ಪೈಪ್ ಹಾಕಿಸ್ತೀವಿ ಅಂತ ಘಟಕದ ಸಾಹೇಬ್ರು ಅಂದಿದ್ರು. ಆ ಗಡುವಿಗೆ ಇನ್ನೆರಡೇ ದಿನ ಉಳಿದಿತ್ತು."

ಗೋಹಿಲ್ ಹೊರಗಿನ ಆ ಕೊಳವೆಯತ್ತ ಒಮ್ಮೆ ನೋಡಿದರು. ಆದರೂ ಒಡೆದದ್ದು ಸಾರ್ವಜನಿಕ ಆಸ್ತಿ. 4:30ಕ್ಕೆ ಬಂಧನವಾಯಿತು.

ಜೀಪು ಹತ್ತುವಾಗ ಮಾವಜಿ ರಂಭಾಬೆನ್ ಕಡೆ ತಿರುಗಿದ. "ಬೆನ್, ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ, ನನ್ನವಳಿಗೆ ನಾಳೆಗೆ ಒಂದು ಹೊರೆ ಸೌದೆ ಕೊಡ್ಲಿ. ಇನ್ಮೇಲೆ ತರಬೇಡ ಅಂತ ನಾನೇ ಅವಳಿಗೆ ಹೇಳಿಬಿಟ್ಟಿದ್ದೆ."